ಲ್ಯಾಟಿನ್ ವಾಚನದಲ್ಲಿ ಪದಶೋಧನೆ: ಗಣಕ ಸಾಧನಗಳ ಒಂದು ವಿಮರ್ಶೆ

೧

ಪ್ರಾಚೀನ ಭಾಷೆಯ ಗ್ರಂಥವೊಂದನ್ನು ಓದುವವನು ತನಗೆ ತಿಳಿಯದ ಪದವನ್ನು ಎದುರಿಸಿದಾಗ ಏನು ಮಾಡಬೇಕು? ನಿಘಂಟನ್ನು ತೆರೆಯಬೇಕು ಎಂಬ ಉತ್ತರ ಒಡನೆಯೇ ಹೊಳೆಯುತ್ತದೆ. ಆದರೆ ಲ್ಯಾಟಿನ್ ಭಾಷೆಯ ವಿಷಯದಲ್ಲಿ ಈ ಉತ್ತರದಿಂದ ಕಷ್ಟ ತೀರುವುದಿಲ್ಲ. ನಿಘಂಟನ್ನು ತೆರೆಯುವ ಮೊದಲೇ ಆ ಪದದ ವಿಚಾರವಾಗಿ ಅರ್ಧದಷ್ಟಾದರೂ ಗೊತ್ತಿರಬೇಕು. 'ತುಲಿತ್' ಎಂದರೆ 'ಹೊತ್ತನು' ಅಥವಾ 'ತಂದನು' ಎಂದು ಅರ್ಥ. ಆದರೆ ಇದರ ವಿವರಣೆ ಇರುವುದು 'ಫೆರೋ' ಎಂಬ ಪದದ ಕೆಳಗೆ. 'ಸುಸ್ತುಲಿತ್' ಎಂಬುದಕ್ಕೆ 'ತೊಲ್ಲೋ' ಎಂಬಲ್ಲಿ ನೋಡಬೇಕು. ರೂಪದಿಂದ ಪ್ರಕೃತಿಯನ್ನು ಊಹಿಸಲಾರದವನಿಗೆ ಎರಡು ಸಾವಿರ ಪುಟಗಳ ನಿಘಂಟು ಕೂಡ ಮುಚ್ಚಿದ ಬಾಗಿಲೇ ಸರಿ.

ಈ ಬಾಗಿಲನ್ನು ತೆರೆಯುವ ಸಾಧನಗಳು ಕಳೆದ ಕೆಲವು ದಶಕಗಳಲ್ಲಿ ಗಣಕಯಂತ್ರದ ನೆರವಿನಿಂದ ಹುಟ್ಟಿಕೊಂಡಿವೆ. ಪರದೆಯ ಮೇಲಿನ ಪಠ್ಯದಲ್ಲಿ ಒಂದು ಪದವನ್ನು ಒತ್ತಿದರೆ ಸಾಕು, ಅದರ ಪ್ರಕೃತಿ, ವಿಭಕ್ತಿ ಅಥವಾ ಕಾಲ, ಅರ್ಥ ಎಲ್ಲವೂ ಪಕ್ಕದಲ್ಲಿ ಮೂಡುತ್ತವೆ. ಬೇಕಾದ ನಿಘಂಟುಗಳೂ ರೂಪಕೋಶಗಳೂ ಮುಕ್ತವಾಗಿ ದೊರೆಯುತ್ತಿರುವುದರಿಂದ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ಉಪಯೋಗಕ್ಕೆ ತಕ್ಕ ವೆಬ್ ಆ್ಯಪ್‌ಗಳನ್ನು ತಾವೇ ಕಟ್ಟಿಕೊಳ್ಳಬಹುದಾಗಿದೆ. ಇಂಥ ಸಾಧನಗಳನ್ನು ಹೊಗಳುವವರು ವೇಗವನ್ನು ಎತ್ತಿ ಹೇಳುತ್ತಾರೆ; ತೆಗಳುವವರು ಸೋಮಾರಿತನವನ್ನು ಎತ್ತಿ ಆಡುತ್ತಾರೆ. ಇವೆರಡೂ ವಿಮರ್ಶೆಯಾಗುವುದಿಲ್ಲ. ವಾಚನವೆಂಬ ಕ್ರಿಯೆಯಲ್ಲಿ ಯಾವ ಭಾಗವನ್ನು ಯಂತ್ರಕ್ಕೆ ಒಪ್ಪಿಸಬಹುದು, ಯಾವುದನ್ನು ಒಪ್ಪಿಸಬಾರದು ಎಂಬ ವಿವೇಚನೆಯೇ ಇಲ್ಲಿ ಮುಖ್ಯವಾದುದು. ಆ ವಿವೇಚನೆಯನ್ನು ಮಾಡುವುದು ಈ ಲೇಖನದ ಉದ್ದೇಶ.

೨

ಓದುಗನ ಕೈಗೆ ಪದಾರ್ಥವನ್ನು ಸುಲಭವಾಗಿ ನಿಲುಕಿಸಬೇಕೆಂಬ ಯೋಚನೆ ಗಣಕಯಂತ್ರದೊಂದಿಗೆ ಹುಟ್ಟಿದುದಲ್ಲ. ೧೯೩೦ರಲ್ಲಿ ಕ್ಲೈಡ್ ಫಾರ್ ಎಂಬ ಅಮೆರಿಕದ ವಿದ್ವಾಂಸನು ವರ್ಜಿಲ್ ಕವಿಯ 'ಈನಿಯಡ್' ಮಹಾಕಾವ್ಯದ ಮೊದಲ ಆರು ಕಾಂಡಗಳನ್ನು ಹೊಸ ಬಗೆಯಲ್ಲಿ ಅಚ್ಚು ಮಾಡಿಸಿದನು. ಅಪರೂಪದ ಪದಗಳ ಅರ್ಥ ಆಯಾ ಪುಟದಲ್ಲಿಯೇ ಪದ್ಯದ ಕೆಳಗೆ. ಪದೇ ಪದೇ ಬರುವ ಪದಗಳ ಪಟ್ಟಿ ಪುಸ್ತಕದ ಕೊನೆಯಲ್ಲಿ, ಹೊರಕ್ಕೆ ಬಿಚ್ಚಿಟ್ಟುಕೊಳ್ಳಬಹುದಾದ ಮಡಿಕೆಯ ಹಾಳೆಯೊಂದರಲ್ಲಿ. ಯಾವ ಪುಟವನ್ನು ಓದುತ್ತಿದ್ದರೂ ಆ ಹಾಳೆ ಕಣ್ಣಿನ ಮುಂದೆ ಇರುತ್ತದೆ. ಇದರಲ್ಲಿ ಶ್ರಮ ಉಳಿಯುತ್ತದೆ, ನಿಜ. ಆದರೆ ಅದಕ್ಕಿಂತ ಗಮನಾರ್ಹವಾದುದು ಪದಗಳನ್ನು ಎರಡು ವರ್ಗವಾಗಿ ಒಡೆದಿರುವ ಕ್ರಮ. ಕಲಿಯಲೇಬೇಕಾದ ಪದ ಯಾವುದು, ಈ ಹೊತ್ತಿಗೆ ಮಾತ್ರ ಬೇಕಾದ ಪದ ಯಾವುದು ಎಂಬುದನ್ನು ಪುಸ್ತಕವೇ ವಿದ್ಯಾರ್ಥಿಗೆ ಹೇಳುತ್ತದೆ. ಈಚಿನ ಅನೇಕ ಗಣಕ ಸಾಧನಗಳಿಗೆ ಈ ವಿವೇಕ ಬಂದಿಲ್ಲ.

ಗಣಕಯಂತ್ರದ ಸಾಧನಗಳಲ್ಲಿ ಎರಡನ್ನು ಮುಖ್ಯವಾಗಿ ಹೆಸರಿಸಬೇಕು. ಮೊದಲನೆಯದು ವಿಲಿಯಂ ವಿಟೇಕರ್ ರಚಿಸಿದ 'ವರ್ಡ್ಸ್'. ಇವರು ಅಮೆರಿಕದ ವಾಯುಪಡೆಯಲ್ಲಿ ಕರ್ನಲ್ ಆಗಿದ್ದವರು, 'ಏಡಾ' ಎಂಬ ಗಣಕಭಾಷೆ ರೂಪುಗೊಳ್ಳಲು ಕಾರಣವಾದ ಸಮಿತಿಯ ಮುಖ್ಯಸ್ಥರಾಗಿದ್ದವರು, ೨೦೧೦ರಲ್ಲಿ ತೀರಿಕೊಂಡರು. ತಮ್ಮ ಲ್ಯಾಟಿನ್ ಪದಶೋಧಕವನ್ನೂ ಇವರು ಅದೇ ಭಾಷೆಯಲ್ಲಿ ಬರೆದರು. ಇದರ ಕ್ರಮ ವ್ಯಾಕರಣದ ಪ್ರಕೃತಿ-ಪ್ರತ್ಯಯ ವಿಭಾಗವನ್ನೇ ಅನುಸರಿಸುತ್ತದೆ: ಪದದ ಕೊನೆಯಿಂದ ಪ್ರತ್ಯಯವನ್ನು ಬಿಡಿಸಿ, ಉಳಿದ ಅಂಗವನ್ನು ಕೋಶದಲ್ಲಿ ಹುಡುಕಿ, ಇವೆರಡೂ ಒಂದಕ್ಕೊಂದು ಸಲ್ಲುತ್ತವೆಯೇ ಎಂದು ನೋಡುತ್ತದೆ. ಸಲ್ಲುವ ರೂಪಗಳನ್ನು ಸಾಲಾಗಿ ಕೊಡುತ್ತದೆ. ಯಾವುದೂ ಸಲ್ಲದಿದ್ದರೆ ಉಪಸರ್ಗಗಳನ್ನೂ ಕಾಗುಣಿತದ ಭೇದಗಳನ್ನೂ ಪರೀಕ್ಷಿಸಿ ಊಹೆಯೊಂದನ್ನು ಮುಂದಿಡುತ್ತದೆ.

ಎರಡನೆಯದು 'ಪರ್ಸಿಯಸ್' ಎಂಬ ದೊಡ್ಡ ಗ್ರಂಥಭಂಡಾರ. ಗ್ರೆಗರಿ ಕ್ರೇನ್ ಅವರ ನೇತೃತ್ವದಲ್ಲಿ ಹಾರ್ವರ್ಡ್‌ನಲ್ಲಿ ೧೯೮೦ರ ದಶಕದಲ್ಲಿ ಮೊದಲು ಗ್ರೀಕ್ ಭಾಷೆಗಾಗಿ ಆರಂಭವಾದ ಈ ಕಾರ್ಯ ಮುಂದೆ ಟಫ್ಟ್ಸ್ ವಿಶ್ವವಿದ್ಯಾನಿಲಯದಲ್ಲಿ ಬೆಳೆದು, ೧೯೯೫ರಲ್ಲಿ ಜಾಲವನ್ನು ಸೇರಿತು. ಲ್ಯಾಟಿನ್ ಗ್ರಂಥಗಳೂ ಕ್ರಮೇಣ ಕೂಡಿಕೊಂಡವು. ಇಲ್ಲಿ ಪಠ್ಯದ ಪ್ರತಿಯೊಂದು ಪದಕ್ಕೂ 'ಮಾರ್ಫಿಯಸ್' ಎಂಬ ರೂಪವಿಶ್ಲೇಷಕದ ಮೂಲಕ ನಿಘಂಟಿನ ಸಂಬಂಧವನ್ನು ಕಲ್ಪಿಸಲಾಗಿದೆ. ಚಿಕಾಗೋ ವಿಶ್ವವಿದ್ಯಾನಿಲಯದ 'ಲೊಗೇಯಾನ್' ಹಲವು ನಿಘಂಟುಗಳನ್ನು ಒಂದೇ ಕಡೆ ತೆರೆದು ತೋರಿಸುತ್ತದೆ. ಸ್ವಂತವಾಗಿ ಪದಶೋಧಕವನ್ನು ಕಟ್ಟುವವರಿಗೆ 'ವರ್ಡ್ಸ್' ಮತ್ತು 'ಪರ್ಸಿಯಸ್'ಗಳ ಮುಕ್ತ ಸಾಮಗ್ರಿ ದೊಡ್ಡ ಆಧಾರ.

ಈ ಸಾಧನಗಳ ಕೆಲಸವನ್ನು ಬಿಡಿಸಿ ನೋಡಿದರೆ ಮೂರು ಹಂತಗಳು ಕಾಣುತ್ತವೆ. ಒಂದು, ರೂಪದಿಂದ ಪ್ರಕೃತಿಯನ್ನು ಕಂಡುಹಿಡಿಯುವುದು. ಎರಡು, ಪ್ರಕೃತಿಗಳು ಹಲವಾದಾಗ ಈ ವಾಕ್ಯಕ್ಕೆ ಸಲ್ಲುವುದನ್ನು ಆರಿಸುವುದು. ಮೂರು, ಆರಿಸಿದ ಪದದ ಹಲವು ಅರ್ಥಗಳಲ್ಲಿ ಇಲ್ಲಿ ಕವಿಗೆ ಅಥವಾ ಗ್ರಂಥಕಾರನಿಗೆ ಇಷ್ಟವಾದುದನ್ನು ನಿಶ್ಚಯಿಸುವುದು. ಮೊದಲನೆಯದರಲ್ಲಿ ಯಂತ್ರವು ಮನುಷ್ಯನನ್ನು ಮೀರಿಸುತ್ತದೆ. 'ತುಲಿತ್' ಎಂಬುದು 'ಫೆರೋ' ಎಂಬುದರ ಭೂತರೂಪವೆಂದು ತಿಳಿಯುವುದರಲ್ಲಿ ಸ್ಮರಣೆಯ ಹೊರತು ಬೇರೆ ಬುದ್ಧಿಯ ಕೆಲಸವಿಲ್ಲ. ಅದಕ್ಕಾಗಿ ಹಾಳೆ ತಿರುವುತ್ತ ಕಾಲ ಕಳೆದು, ಕೊನೆಗೆ ಬೇಸತ್ತು ಲ್ಯಾಟಿನನ್ನೇ ಬಿಟ್ಟ ವಿದ್ಯಾರ್ಥಿಯ ಶ್ರಮವನ್ನು ತಪಸ್ಸೆಂದು ಕೊಂಡಾಡುವುದು ಉಚಿತವಲ್ಲ. ಈ ಹೊರೆಯನ್ನು ಯಂತ್ರ ಹೊರಲಿ. ತೊಡಕಿರುವುದು ಎರಡನೆಯ ಮತ್ತು ಮೂರನೆಯ ಹಂತಗಳಲ್ಲಿ.

೩

ಎರಡನೆಯ ಹಂತದ ತೊಡಕು ಈ ಲೇಖನವನ್ನು ಬರೆಯುವಾಗಲೇ ಲೇಖಕನಿಗೆ ಅನಿರೀಕ್ಷಿತವಾಗಿ ಎದುರಾಯಿತು. ರೋಮನ್ ಲಿಪಿ ಸ್ವರಗಳ ಹ್ರಸ್ವದೀರ್ಘಗಳನ್ನು ಬೇರೆಬೇರೆಯಾಗಿ ತೋರಿಸುವುದಿಲ್ಲ. ಕನ್ನಡ ಲಿಪಿ ತೋರಿಸದೆ ಬಿಡುವುದಿಲ್ಲ. ಆದುದರಿಂದ ಲ್ಯಾಟಿನ್ ಪದವೊಂದನ್ನು ಕನ್ನಡದಲ್ಲಿ ಬರೆಯಬೇಕಾದರೆ ಅದು ಯಾವ ಪದವೆಂದು ಮೊದಲೇ ನಿರ್ಣಯಿಸಿರಬೇಕು. 'ಒಕ್ಕಿದಿತ್' ಎಂದರೆ 'ಬಿದ್ದನು, ಸತ್ತನು'. 'ಒಕ್ಕೀದಿತ್' ಎಂದರೆ 'ಕೊಂದನು'. ರೋಮನ್ ಲಿಪಿಯ ಸಾಮಾನ್ಯ ಮುದ್ರಣದಲ್ಲಿ ಇವೆರಡಕ್ಕೂ ಒಂದೇ ಬರವಣಿಗೆ. ಅಲ್ಲದೆ ಇವೆರಡರಲ್ಲಿಯೂ ವರ್ತಮಾನ ಮತ್ತು ಭೂತಕಾಲದ ರೂಪಗಳು ಸಮಾನವಾಗಿರುವುದರಿಂದ ಆ ಒಂದು ಬರವಣಿಗೆಯಲ್ಲಿ ನಾಲ್ಕು ವಿಶ್ಲೇಷಣೆಗಳು ಅಡಗಿವೆ. ಸತ್ತವನು ಯಾರು, ಕೊಂದವನು ಯಾರು ಎಂಬಷ್ಟು ದೊಡ್ಡ ವ್ಯತ್ಯಾಸ ಒಂದು ಕಾಣದ ದೀರ್ಘವನ್ನು ಅವಲಂಬಿಸಿದೆ!

ಈ ಸಂದೇಹ ರೋಮನರಿಗೂ ಇತ್ತು. ಕ್ರಿಸ್ತಶಕ ೧ನೆಯ ಶತಮಾನದ ಅಲಂಕಾರಶಾಸ್ತ್ರದ ಅಧ್ಯಾಪಕ ಕ್ವಿಂಟಿಲಿಯನ್ ತನ್ನ ಗ್ರಂಥದ ಮೊದಲನೆಯ ಭಾಗದಲ್ಲಿ ದೀರ್ಘಸ್ವರದ ಚಿಹ್ನೆಯನ್ನು ಚರ್ಚಿಸಿದ್ದಾನೆ. ಎಲ್ಲ ದೀರ್ಘಗಳಿಗೂ ಚಿಹ್ನೆ ಹಾಕುವುದು ಅವಿವೇಕ. ಆದರೆ ಅರ್ಥವೇ ಬದಲಾಗುವ ಕಡೆ ಹಾಕದಿದ್ದರೆ ನಡೆಯದು ಎಂಬುದು ಅವನ ಅಭಿಪ್ರಾಯ. ಅವನು ಕೊಡುವ ಉದಾಹರಣೆಗಳಲ್ಲಿ ಒಂದು, ಮರವನ್ನು ಹೇಳುವ 'ಮಾಲುಸ್' ಮತ್ತು ಕೆಟ್ಟವನನ್ನು ಹೇಳುವ 'ಮಲುಸ್'. ಇಲ್ಲಿ ಒಂದು ವಿವೇಕವಿದೆ. ಸಂದೇಹವಿರುವಲ್ಲಿ ಮಾತ್ರ ಸೂಚನೆ, ಇಲ್ಲದಲ್ಲಿ ಮೌನ. ಎರಡು ಸಾವಿರ ವರ್ಷಗಳ ಹಿಂದಿನ ಈ ಮಾತು ಇಂದಿನ ಪದಶೋಧಕವನ್ನು ಕಟ್ಟುವವನಿಗೂ ಸೂತ್ರಪ್ರಾಯವಾಗಬಲ್ಲುದು.

ಕನ್ನಡ ಲಿಪಿಯಿಂದಲೂ ಎಲ್ಲ ಸಂದೇಹಗಳು ಅಳಿಯುವುದಿಲ್ಲವೆಂಬುದನ್ನು ಮರೆಯಬಾರದು. 'ಕಾನೀಸ್' ಎಂದರೆ 'ನರೆತವರಿಗೆ' ಎಂದಾಗುತ್ತದೆ. 'ಕನಿಸ್' ಎಂದು ಬರೆದೊಡನೆ ಆ ಪದ ದೂರ ಸರಿಯಿತು. ಆದರೆ 'ಕನಿಸ್' ಎಂಬುದೇ 'ನಾಯಿ', 'ನಾಯಿಯ', 'ನೀನು ಹಾಡುತ್ತೀಯೆ' ಎಂಬ ಮೂರನ್ನೂ ಹೇಳುತ್ತದೆ. ಇದನ್ನು ಯಾವ ಲಿಪಿಯೂ ಬಿಡಿಸಲಾರದು, ವಾಕ್ಯವೇ ಬಿಡಿಸಬೇಕು. ಇದರಂತೆಯೇ ಪದದ ಬಾಲಕ್ಕೆ ಅಂಟಿಕೊಂಡು 'ಮತ್ತು' ಎಂಬ ಅರ್ಥ ಕೊಡುವ 'ಕ್ವೆ' ಎಂಬ ಅವ್ಯಯ. ಯಂತ್ರವು ಇದನ್ನು ಕಡಿದು ಪದವನ್ನು ಹುಡುಕಬೇಕಾಗುತ್ತದೆ. ಆದರೆ 'ಕೂಡ' ಎಂಬ ಅರ್ಥದ 'ಕ್ವೊಕ್ವೆ' ಎಂಬಲ್ಲಿ ಕಡಿಯುವಂತಿಲ್ಲ. ಅದೇ ಬರವಣಿಗೆಯ 'ಕ್ವೋಕ್ವೆ' ಎಂಬಲ್ಲಿ ಕೆಲವೊಮ್ಮೆ ಕಡಿಯಲೇಬೇಕು.

ಇಂಥ ಕಡೆ ಸಾಧನವು ಏನು ಮಾಡಬೇಕು? ಮೂರು ಮಾರ್ಗಗಳು ಇಲ್ಲಿಯವರೆಗೆ ಕಂಡುಬಂದಿವೆ. 'ವರ್ಡ್ಸ್' ಸಾಧ್ಯವಿರುವ ರೂಪಗಳನ್ನು ಮುಂದೆ ಸುರಿಯುತ್ತದೆ. ಹೊಸಬನು ಅವುಗಳ ನಡುವೆ ದಿಕ್ಕು ಕಾಣದೆ ನಿಲ್ಲುತ್ತಾನೆ. 'ಪರ್ಸಿಯಸ್' ತನ್ನ ೪ನೆಯ ಆವೃತ್ತಿಯಲ್ಲಿ ಪ್ರಯೋಗಾತ್ಮಕವಾಗಿ ಬೇರೊಂದು ಮಾರ್ಗವನ್ನು ಹಿಡಿಯಿತು: ವಿಶ್ಲೇಷಣೆಗಳೆಲ್ಲವನ್ನೂ ತೋರಿಸಿ, ಸಂಭವನೀಯವೆಂದು ಲೆಕ್ಕದಿಂದ ಕಂಡುದನ್ನು ಎತ್ತಿ ತೋರಿಸಿ, ಓದುಗರೂ ತಮ್ಮ ಮತವನ್ನು ಸೂಚಿಸಲು ಅವಕಾಶ ಕೊಟ್ಟಿತು. ಮೂರನೆಯದು ತೀರ ಈಚಿನದು. ೨೦೨೦ರಲ್ಲಿ ಹೊರಬಂದ 'ಲ್ಯಾಟಿನ್ ಬರ್ಟ್' ಮೊದಲಾದ ಭಾಷಾಮಾದರಿಗಳು ಪದದ ಹಿಂದುಮುಂದಿನ ಸಂದರ್ಭವನ್ನು ಗಣಿಸಿ ರೂಪವನ್ನೂ ಅರ್ಥಭೇದವನ್ನೂ ಸೂಚಿಸುವ ಮಾರ್ಗವನ್ನು ತೆರೆದವು. ಇವುಗಳ ಆಧಾರದ ಮೇಲೆ ಒಂದೇ ಉತ್ತರವನ್ನು ಕೊಟ್ಟು ಉಳಿದುದನ್ನು ಮರೆಮಾಡುವ ಸಾಧನವನ್ನು ಕಟ್ಟುವುದು ಈಗ ಕಷ್ಟವಲ್ಲ.

ಮೂರನೆಯ ಮಾರ್ಗ ಅತ್ಯಂತ ಆಕರ್ಷಕ. ವಿದ್ಯಾರ್ಥಿಯ ಮಟ್ಟಿಗೆ ಅತ್ಯಂತ ಅಪಾಯಕರವೂ ಅದೇ. ಅದು ತಪ್ಪುತ್ತದೆ ಎಂಬುದು ಮುಖ್ಯ ಆಕ್ಷೇಪವಲ್ಲ. ಅದು ಎಂದೂ ತಪ್ಪದು ಎಂದೇ ಇಟ್ಟುಕೊಳ್ಳೋಣ. 'ಕೊಂದನೋ ಸತ್ತನೋ' ಎಂಬ ಸಂದೇಹ ಬಂದಾಗ ಓದುಗನು ವಾಕ್ಯದಲ್ಲಿ ದ್ವಿತೀಯಾ ವಿಭಕ್ತಿಯ ಕರ್ಮಪದವೊಂದಿದೆಯೇ ಎಂದು ಹುಡುಕುತ್ತಾನೆ. ಇದ್ದರೆ 'ಕೊಂದನು' ಎಂಬುದರ ಕಡೆಗೆ ವಾಲುತ್ತಾನೆ. ಇಲ್ಲದಿದ್ದರೆ ಹಿಂದಿನ ವಾಕ್ಯದಿಂದ ಕರ್ಮವು ಅಧ್ಯಾಹಾರವಾಗಬೇಕೇ ಎಂದು ಯೋಚಿಸುತ್ತಾನೆ. ಪದಗಳು ಎಲ್ಲೆಂದರಲ್ಲಿ ಕೂರಬಲ್ಲ ಲ್ಯಾಟಿನ್ ವಾಕ್ಯದಲ್ಲಿ ಈ ಹುಡುಕಾಟವೇ ಅನ್ವಯ. ಅನ್ವಯವನ್ನು ಮಾಡುವುದೇ ಓದುವುದು. ಸಂದೇಹ ಏಳುವ ಮೊದಲೇ ಉತ್ತರ ದೊರೆತರೆ ಓದುಗನು ಕರ್ಮಪದದ ಕಡೆಗೆ ಕಣ್ಣೆತ್ತಿಯೂ ನೋಡುವುದಿಲ್ಲ. ನೂರು ಪುಟಗಳ ಬಳಿಕ ಅವನಿಗೆ ಕಥೆ ತಿಳಿದಿರುತ್ತದೆ, ಲ್ಯಾಟಿನ್ ತಿಳಿದಿರುವುದಿಲ್ಲ. ಕಥೆಯಷ್ಟೇ ಬೇಕಾದವನಿಗೆ ಎದುರು ಪುಟದಲ್ಲಿ ಇಂಗ್ಲಿಷ್ ಅನುವಾದವಿರುವ ಲೋಬ್ ಮಾಲೆಯ ಪುಸ್ತಕಗಳು ೧೯೧೨ರಿಂದಲೂ ಇವೆ. ಅವು ತಾವು ಅನುವಾದಗಳೆಂಬುದನ್ನು ಮುಚ್ಚಿಡುವುದಿಲ್ಲ.

೪

ಇನ್ನು ಅರ್ಥದ ವಿಚಾರ. ಒತ್ತಿದ ಪದಕ್ಕೆ ಪರದೆಯ ಮೇಲೆ ಮೂಡುವ ಅರ್ಥ ಯಾರು ಹೇಳಿದ್ದು, ಎಂದು ಹೇಳಿದ್ದು ಎಂಬ ಪ್ರಶ್ನೆ ಸಾಮಾನ್ಯವಾಗಿ ಓದುಗನಿಗೆ ಹೊಳೆಯುವುದಿಲ್ಲ. ಅನೇಕ ಸಾಧನಗಳಲ್ಲಿ ಆ ಅರ್ಥ ಬರುವುದು ಲೂಯಿಸ್ ಮತ್ತು ಷಾರ್ಟ್ ಅವರ ನಿಘಂಟಿನಿಂದ. ಅದು ಪ್ರಕಟವಾದುದು ೧೮೭೯ರಲ್ಲಿ. ಅದಕ್ಕೆ ಆಧಾರ ೧೮೫೦ರ ಆಂಡ್ರೂಸ್‌ನ ನಿಘಂಟು; ಅದಕ್ಕೆ ಮೂಲ ವಿಲ್ಹೆಲ್ಮ್ ಫ್ರಾಯಿಂಡ್ ಜರ್ಮನ್ ಭಾಷೆಯಲ್ಲಿ ೧೮೩೪ರಿಂದ ೧೮೪೫ರವರೆಗೆ ಪ್ರಕಟಿಸಿದ ಕೋಶ. ಪ್ರಾಚೀನ ಪ್ರಯೋಗಗಳನ್ನು ಹೊಸದಾಗಿ ಪರಿಶೀಲಿಸಿ ರಚಿತವಾದ ಆಕ್ಸ್‌ಫರ್ಡ್ ಲ್ಯಾಟಿನ್ ನಿಘಂಟು ೧೯೬೮ರಿಂದ ೧೯೮೨ರವರೆಗೆ ಭಾಗಭಾಗವಾಗಿ ಬಂದಿತು. ಮ್ಯೂನಿಕ್‌ನಲ್ಲಿ ೧೮೯೪ರಲ್ಲಿ ಆರಂಭವಾದ 'ಥೆಸಾರಸ್' ಎಂಬ ಮಹಾಕೋಶದ ಕಾರ್ಯ ಇಂದಿಗೂ ಮುಗಿದಿಲ್ಲ. ಹಳೆಯ ನಿಘಂಟೇ ಸಾಧನಗಳ ಆಧಾರವಾಗಿರಲು ಅದರ ಹಕ್ಕುಸ್ವಾಮ್ಯದ ಅವಧಿ ತೀರಿರುವುದು ಮುಖ್ಯ ಕಾರಣ, ಅದೇ ಶ್ರೇಷ್ಠವೆಂಬುದಲ್ಲ. ಹಳೆಯದೆಂದು ಅದು ಹೀನವೂ ಅಲ್ಲ. ಆದರೆ ೧೯ನೆಯ ಶತಮಾನದ ವಿದ್ವಾಂಸನ ಅಭಿಪ್ರಾಯವನ್ನು ಹೆಸರಿಲ್ಲದೆ, ವರ್ಷವಿಲ್ಲದೆ, ಯಂತ್ರದ ವಾಣಿಯಂತೆ ಕೇಳಿಸುವುದು ಪಾಂಡಿತ್ಯದ ಶಿಸ್ತಿಗೆ ಒಪ್ಪುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ದೋಷ ಇನ್ನೊಂದಿದೆ. ಲೂಯಿಸ್ ಮತ್ತು ಷಾರ್ಟ್ ಅವರು ಸಾಮಾನ್ಯವಾಗಿ ವಾಚ್ಯಾರ್ಥವನ್ನು ಮೊದಲು ಕೊಟ್ಟು ಲಾಕ್ಷಣಿಕಾರ್ಥಗಳನ್ನು ಆಮೇಲೆ ಕೊಡುತ್ತಾರೆ. ದೀರ್ಘ ಲೇಖವನ್ನು ಆದ್ಯಂತವಾಗಿ ಓದುವವನಿಗೆ ಈ ಕ್ರಮ ಬಹು ಉಪಯುಕ್ತ. ಪದದ ಜೀವನಚರಿತ್ರೆಯೇ ಅಲ್ಲಿ ಬಿಚ್ಚಿಕೊಳ್ಳುತ್ತದೆ. ಆದರೆ ಚಿಕ್ಕ ಚೌಕದಲ್ಲಿ ತೋರಿಸುವುದಕ್ಕಾಗಿ ಮೊದಲನೆಯ ಅರ್ಥವನ್ನಷ್ಟೇ ಕತ್ತರಿಸಿ ತೆಗೆದರೆ ದೊರೆಯುವುದು ವಾಚ್ಯಾರ್ಥ. ಅದು ಈ ಸ್ಥಳಕ್ಕೆ ಸಲ್ಲುವ ಅರ್ಥವಾಗಿರಬೇಕೆಂದಿಲ್ಲ. 'ರತಿಯೋ' ಎಂಬುದಕ್ಕೆ ಹಾಗೆ ದೊರೆಯುವುದು 'ಲೆಕ್ಕ, ಎಣಿಕೆ'. ಲುಕ್ರೇಶಿಯಸ್‌ನ ದಾರ್ಶನಿಕ ಕಾವ್ಯದಲ್ಲಿ ಅದೇ ಪದ ವಿಚಾರಶಕ್ತಿ, ತತ್ತ್ವಕ್ರಮ, ಪ್ರಕೃತಿಯ ವ್ಯವಸ್ಥೆ ಎಂದೆಲ್ಲ ವಿಸ್ತರಿಸಿಕೊಂಡಿದೆ. ಅಲ್ಲಿ 'ಲೆಕ್ಕ' ಎಂದು ಇಟ್ಟುಕೊಂಡು ಹೊರಟವನ ಗತಿಯೇನು?

ನಮ್ಮ ಓದುಗನಿಗಂತೂ ಅರ್ಥವು ಎರಡು ಗಡಿಗಳನ್ನು ದಾಟಿ ಬರಬೇಕು: ಲ್ಯಾಟಿನಿನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ. ವರ್ಜಿಲ್‌ನ ನಾಯಕ ಈನಿಯಾಸನ ಮುಖ್ಯ ಗುಣ 'ಪಿಯೆತಾಸ್'. ಇದಕ್ಕೆ ಸಮಾನವೆಂದು ಕಾಣುವ, ಇದರಿಂದಲೇ ಹುಟ್ಟಿದ ಇಂಗ್ಲಿಷ್ ಪದದ ಮೂಲಕ ಬಂದರೆ ನಮಗೆ ಸಿಗುವುದು 'ದೈವಭಕ್ತಿ'. ಆದರೆ ರೋಮನರ 'ಪಿಯೆತಾಸ್' ದೇವರಿಗೆ, ತಂದೆತಾಯಿಗಳಿಗೆ, ಕುಲಕ್ಕೆ, ನಾಡಿಗೆ ಸಲ್ಲಿಸಬೇಕಾದ ಕರ್ತವ್ಯದ ನಿಷ್ಠೆ. ನಮ್ಮ 'ಋಣ' ಎಂಬ ಕಲ್ಪನೆಯನ್ನು ನೆನೆದರೆ ಹೆಚ್ಚು ಹತ್ತಿರ ಹೋದಂತಾಗುತ್ತದೆ. ಉರಿಯುವ ಟ್ರಾಯ್ ನಗರದಿಂದ ಮುದಿ ತಂದೆಯನ್ನು ಹೆಗಲ ಮೇಲೆ ಹೊತ್ತು ಹೊರಟವನ ಗುಣವನ್ನು 'ದೈವಭಕ್ತಿ' ಎಂದಷ್ಟೇ ತಿಳಿದವನಿಗೆ ಆ ಕಾವ್ಯದ ಅರ್ಧ ಭಾಗ ಮುಚ್ಚಿಹೋಗುತ್ತದೆ.

೫

ಹಾಗಾದರೆ ಒಳ್ಳೆಯ ಪದಶೋಧಕದ ಲಕ್ಷಣವೇನು? ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸಹಜವಾಗಿ ಫಲಿಸುತ್ತವೆ. ಪದವನ್ನು ಒತ್ತಿದಾಗ ಮೊದಲು ಪ್ರಕೃತಿ ಮತ್ತು ಪ್ರತ್ಯಯಗಳು ಕಾಣಲಿ. ಅರ್ಥ ಇನ್ನೊಮ್ಮೆ ಕೇಳಿದಾಗ ಬರಲಿ. ನಡುವಿನ ಒಂದು ಕ್ಷಣದಲ್ಲಿ ಓದುಗನು ತಾನೇ ಊಹಿಸಲು ಎಡೆಯುಂಟು. ರೂಪಗಳು ಹಲವಾದರೆ ಹಲವನ್ನೂ ದೀರ್ಘಚಿಹ್ನೆ ಸಹಿತವಾಗಿ ತೋರಿಸಲಿ. ಯಂತ್ರದ ಆಯ್ಕೆಯನ್ನು ಊಹೆಯೆಂದೇ ಕರೆಯಲಿ. ಸಂದೇಹವಿಲ್ಲದಲ್ಲಿ ಸುಮ್ಮನಿರಲಿ. ಪ್ರತಿಯೊಂದು ಅರ್ಥದ ಕೆಳಗೂ ನಿಘಂಟಿನ ಹೆಸರು, ವರ್ಷ ಇರಲಿ; ಪೂರ್ಣ ಲೇಖಕ್ಕೆ ದಾರಿಯಿರಲಿ. ಡಿಕಿನ್ಸನ್ ಕಾಲೇಜಿನವರು ಸುಮಾರು ಒಂದು ಸಾವಿರ ಮುಖ್ಯ ಪದಗಳ ಪಟ್ಟಿಯೊಂದನ್ನು ಮುಕ್ತವಾಗಿ ಕೊಟ್ಟಿದ್ದಾರೆ. ಇಂಥ ಪಟ್ಟಿಗೆ ಸೇರಿದ ಪದವನ್ನು ಪದೇ ಪದೇ ಕೇಳುವ ವಿದ್ಯಾರ್ಥಿಗೆ ಅದು ಕಲಿಯಲೇಬೇಕಾದ ಪದವೆಂದು ತಿಳಿಸಿ, ಫಾರ್‌ನ ಮಡಿಕೆಯ ಹಾಳೆ ಮಾಡುತ್ತಿದ್ದ ಉಪಕಾರವನ್ನು ಮುಂದುವರಿಸಲಿ. ಇವುಗಳಲ್ಲಿ ಯಾವುದೂ ತಂತ್ರದ ದೃಷ್ಟಿಯಿಂದ ಅಸಾಧ್ಯವಲ್ಲ. ಬೇಕಾದುದು ಕಟ್ಟುವವನ ಸಂಯಮ.

ವೇಗವಾಗಿ ಬಹಳ ಓದಿದವನಿಗೆ ಭಾಷೆ ತಾನಾಗಿ ಒಲಿಯುವುದಿಲ್ಲವೇ, ಈ ತಡೆಗಳೇಕೆ, ಎಂದು ಕೇಳಬಹುದು. ಬಹಳ ಓದಬೇಕೆಂಬುದು ದಿಟ. ತಡೆಗಳು ಹೆಚ್ಚಾದರೆ ಓದು ನಿಂತುಹೋಗುವುದೂ ದಿಟ. ಆದುದರಿಂದಲೇ ಮೊದಲನೆಯ ಹಂತದ ಶ್ರಮವನ್ನು ಪೂರ್ತಿಯಾಗಿ ಯಂತ್ರಕ್ಕೆ ಬಿಟ್ಟುಕೊಟ್ಟಿದ್ದೇವೆ. ಉಳಿದವು ತಡೆಗಳಲ್ಲ, ಅವು ಓದಿನ ಮೆಟ್ಟಿಲುಗಳು.

ಈ ವಿಚಾರ ರೋಮಿಗೆ ಮಾತ್ರ ಸಂಬಂಧಿಸಿದುದಲ್ಲ. ನಮ್ಮ ತರಗತಿಗಳಲ್ಲಿ ಹಳಗನ್ನಡ ಕಾವ್ಯವನ್ನು ಓದುವ ವಿದ್ಯಾರ್ಥಿಯ ಸ್ಥಿತಿ ಲ್ಯಾಟಿನ್ ವಿದ್ಯಾರ್ಥಿಯದಕ್ಕಿಂತ ಬಹಳ ಬೇರೆಯಲ್ಲ. ೧೮೯೪ರ ಕಿಟ್ಟೆಲ್ ನಿಘಂಟೂ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟೂ ನಮ್ಮಲ್ಲಿವೆ. ಒತ್ತಿದೊಡನೆ ಅರ್ಥ ಹೇಳುವ ಸಾಧನವನ್ನು ಹಳಗನ್ನಡಕ್ಕೂ ಕಟ್ಟುವ ಉತ್ಸಾಹ ಸ್ವಾಗತಾರ್ಹವಾದುದು. ಹ್ರಸ್ವದೀರ್ಘಗಳ ತೊಡಕು ನಮಗಿಲ್ಲ. ಅದಕ್ಕೆ ಬದಲಾಗಿ ಸಂಧಿಯಿದೆ: ಪದವೆಲ್ಲಿ ಮುಗಿಯಿತು ಎಂಬುದನ್ನೇ ಮೊದಲು ನಿರ್ಣಯಿಸಬೇಕು. ಚಂಪೂಕವಿಗಳ ಸಭಂಗ ಶ್ಲೇಷದಲ್ಲಿಯಂತೂ ಒಂದೇ ಅಕ್ಷರಪಂಕ್ತಿಯನ್ನು ಎರಡು ಬಗೆಯಾಗಿ ಬಿಡಿಸಬೇಕೆಂಬುದೇ ಕವಿಯ ಇಷ್ಟ. ಅಲ್ಲಿ ಯಂತ್ರವು ಒಂದನ್ನು ಆರಿಸಿ ಇನ್ನೊಂದನ್ನು ಮರೆಮಾಡಿದರೆ ಅಳಿಯುವುದು ಸಂದೇಹವಲ್ಲ, ಕಾವ್ಯ. ಲ್ಯಾಟಿನಿಗಾಗಿ ಶ್ರಮಿಸಿದವರ ಸಾಧನೆಯನ್ನೂ ಎಡವಿದುದನ್ನೂ ನೋಡಿ ತಿಳಿದು, ನಮ್ಮ ವಿದ್ಯಾರ್ಥಿಯ ಕೈಗೆ ಕೊಡುವ ಸಾಧನವು ಅವನ ಕೈಯ ಶ್ರಮವನ್ನು ಕಡಮೆ ಮಾಡುವಂತೆಯೂ ಅನ್ವಯವನ್ನು ಅವನಿಗೇ ಬಿಡುವಂತೆಯೂ ಕಟ್ಟುವುದು ನಮ್ಮ ಅಧ್ಯಾಪಕರ ಹೊಣೆ.